ಕಾಗದದ ಆ್ಯಪ್: ಕಚ್ಚಾ ಪ್ರೊಟೊಟೈಪ್ ಮಾಡಿ ಜನರ ಕೈಗೆ ಕೊಟ್ಟು ನೋಡುವ ಸಮಗ್ರ ಮಾರ್ಗದರ್ಶಿ

ಶಿರಸಿ, ಕುಮಟಾ, ಕಾರವಾರದ ಕಡೆ ಈಗ ಊರಲ್ಲೇ ಕೂತು ಆ್ಯಪ್ ಮಾಡುವವರು ಜಾಸ್ತಿ ಆಗಿದ್ದಾರೆ. ಅಡಿಕೆ ಸೊಸೈಟಿಗೊಂದು, ಮೀನಿನ ವ್ಯಾಪಾರಕ್ಕೊಂದು, ಹೋಮ್‌ಸ್ಟೇಗೊಂದು. ಖುಷಿಯ ವಿಷಯ. ಆದರೆ ಎಡವುವುದು ಮಾತ್ರ ಎಲ್ಲರೂ ಒಂದೇ ಜಾಗದಲ್ಲಿ. ಮೊದಲ ದಿನವೇ ಫಿಗ್ಮಾ (ಸ್ಕ್ರೀನ್ ವಿನ್ಯಾಸ ಮಾಡುವ ಸಾಫ್ಟ್‌ವೇರ್) ತೆರೆಯುತ್ತಾರೆ, ಬಣ್ಣ ಆರಿಸುತ್ತಾರೆ, ಐಕಾನ್ ಹುಡುಕುತ್ತಾರೆ, ವಾರಗಟ್ಟಲೆ ಕೂತು ಚೆಂದದ ಸ್ಕ್ರೀನ್ ಮಾಡುತ್ತಾರೆ, ಆಮೇಲೆ ಅದನ್ನು ನಾಲ್ಕು ಜನರಿಗೆ ತೋರಿಸಿ "ಹೇಗಿದೆ?" ಅಂತ ಕೇಳುತ್ತಾರೆ. ನಮ್ಮ ಕಡೆಯವರು ಏನು ಹೇಳುತ್ತಾರೆ? "ಅಡ್ಡಿಲ್ಲ, ಚೊಲೋ ಆಗಿದೆ." ಅಷ್ಟು ಕೇಳಿ ಕೋಡ್ ಬರೆಯಲು ಕೂರುತ್ತಾರೆ. ಆ್ಯಪ್ ಹೊರಗೆ ಬಂದ ಮೇಲೆ ಅದೇ ನಾಲ್ಕು ಜನ ಅದನ್ನು ತೆರೆಯುವುದೇ ಇಲ್ಲ.

ಇದಕ್ಕೆ ಮದ್ದು ಕಾಗದದ ಪ್ರೊಟೊಟೈಪ್, ಅಂದರೆ ಕೋಡ್ ಬರೆಯುವ ಮುಂಚೆ ಸ್ಕ್ರೀನ್‌ಗಳನ್ನು ಕಾಗದದ ಮೇಲೆ ಗೀಚಿ, ಜನರ ಬೆರಳಿಂದ ಒತ್ತಿಸಿ ನೋಡುವ ಕಚ್ಚಾ ಮಾದರಿ. ಕೆಲವರು ಹೀಗೆ ಕಾಗದದಲ್ಲೇ ಶುರು ಮಾಡುತ್ತಾರೆ, ಆದರೂ ಏನೂ ಸಿಗುವುದಿಲ್ಲ. ಕಾರಣ, ಹಂತಗಳು ಹಿಂದೆ ಮುಂದೆ ಆಗಿರುತ್ತವೆ. ಚಿತ್ರ ಮೊದಲು ಬರೆದು ಪ್ರಶ್ನೆ ಆಮೇಲೆ ಹುಡುಕುತ್ತಾರೆ. ಹಾಗಾಗಿ ಕೆಳಗಿನ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಸಮಯ ಕಮ್ಮಿ ಇದ್ದರೆ ಪ್ರತಿ ಹಂತವನ್ನು ಸಣ್ಣದು ಮಾಡಿ, ಹಂತವನ್ನೇ ಹಾರಿಸಬೇಡಿ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಅಡಿಕೆ ಬೆಳೆಗಾರರು ಸೊಸೈಟಿಗೆ ಮೂಟೆ ತಂದು ಹಾಕಿದ ಮೇಲೆ ತಮ್ಮ ಲಾಟಿನ (ಒಮ್ಮೆಗೆ ತಂದು ಹಾಕಿದ ಮಾಲಿನ) ತೂಕ, ವ್ಯಾಪಾರಿಗಳು ದರ ಹಾಕುವ ಟೆಂಡರಿನಲ್ಲಿ ಬಂದ ದರ, ಖಾತೆಗೆ ಬಂದ ದುಡ್ಡು ಇವನ್ನೆಲ್ಲ ಫೋನಿನಲ್ಲಿ ನೋಡುವ ಆ್ಯಪ್. ನಡುನಡುವೆ ಕಾರವಾರದ ಬಂದರಿನ ಕಡೆಗೂ ಹೋಗಿ ಬರೋಣ.

## ಹಂತ 1: ಮೊದಲು ಪ್ರಶ್ನೆ ಬರೆಯಿರಿ

ಪೆನ್ನು ಹಿಡಿದು ಸ್ಕ್ರೀನ್ ಬರೆಯುವ ಮುಂಚೆ ಒಂದು ಚೀಟಿಯಲ್ಲಿ ಒಂದೇ ಒಂದು ವಾಕ್ಯ ಬರೆಯಿರಿ. ಈ ಕಾಗದದಿಂದ ನನಗೆ ಏನು ಗೊತ್ತಾಗಬೇಕು?

"ಆ್ಯಪ್ ಚೆನ್ನಾಗಿದೆಯಾ" ಅನ್ನುವುದು ಪ್ರಶ್ನೆ ಆಗುವುದಿಲ್ಲ. ಅದಕ್ಕೆ ಉತ್ತರ ಯಾವಾಗಲೂ "ಹೌದು". ಪ್ರಶ್ನೆ ಹೀಗಿರಬೇಕು: "ಬೆಳೆಗಾರರು ತಮ್ಮ ಲಾಟನ್ನು ಯಾರ ಸಹಾಯವೂ ಇಲ್ಲದೆ ಹುಡುಕಿಕೊಳ್ಳುತ್ತಾರಾ?" ಅಥವಾ "ದರ ಒಪ್ಪುವುದು ಮತ್ತು ಬಿಡುವುದು, ಈ ಎರಡು ಬಟನ್‌ಗಳಲ್ಲಿ ಗೊಂದಲ ಆಗುತ್ತದಾ?" ಇಂಥ ಪ್ರಶ್ನೆಗೆ ಕಣ್ಣಾರೆ ಉತ್ತರ ಕಾಣುತ್ತದೆ. ಹುಡುಕಿದರು ಅಥವಾ ಹುಡುಕಲಿಲ್ಲ.

ಈ ಚೀಟಿಯನ್ನು ಮೇಜಿನ ಮೇಲೆ ಎದುರಿಗೇ ಅಂಟಿಸಿಕೊಳ್ಳಿ. ಯಾವ ಸ್ಕ್ರೀನ್ ಬರೆಯಬೇಕು, ಯಾವುದು ಬೇಡ ಅಂತ ತೀರ್ಮಾನಿಸುವುದು ಇದೇ. ಮೇಲಿನ ಮೊದಲ ಪ್ರಶ್ನೆಗೆ ಲಾಗಿನ್ ಸ್ಕ್ರೀನ್ ಬೇಕು, ಹುಡುಕುವ ಸ್ಕ್ರೀನ್ ಬೇಕು, ಲಾಟಿನ ವಿವರ ಬೇಕು. ಸೆಟ್ಟಿಂಗ್ಸ್ ಬೇಡ. ಪ್ರೊಫೈಲ್ ಫೋಟೋ ಬೇಡ. "ನಮ್ಮ ಬಗ್ಗೆ" ಪುಟ ಖಂಡಿತ ಬೇಡ.

ಎಚ್ಚರಿಕೆ: ಒಂದೇ ಸಲಕ್ಕೆ ಮೂರಕ್ಕಿಂತ ಜಾಸ್ತಿ ಪ್ರಶ್ನೆ ಬಂದರೆ ಕೆಲಸವನ್ನು ಎರಡು ಸುತ್ತು ಮಾಡಿ.

## ಹಂತ 2: ಕೆಲಸ ಬರೆಯಿರಿ, ಜನರನ್ನು ಹುಡುಕಿ

ಪ್ರಶ್ನೆಯನ್ನು ಈಗ ಜನ ಮಾಡಬಹುದಾದ ಕೆಲಸವಾಗಿ ಬದಲಿಸಿ. ಎರಡು ಮೂರು ಸಾಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ಅಂದರೆ, ಸ್ಕ್ರೀನಿನ ಮೇಲಿರುವ ಪದವನ್ನೇ ಕೆಲಸದಲ್ಲೂ ಬಳಸುವುದು. ಸ್ಕ್ರೀನಿನಲ್ಲಿ "ಲಾಟ್ ಸ್ಥಿತಿ" ಅಂತ ಬಟನ್ ಇಟ್ಟು, "ನಿಮ್ಮ ಲಾಟ್ ಸ್ಥಿತಿ ನೋಡಿ" ಅಂತ ಹೇಳಿದರೆ ಯಾರು ಬೇಕಾದರೂ ಅದೇ ಅಕ್ಷರ ಹುಡುಕಿ ಒತ್ತುತ್ತಾರೆ. ನಿಮಗೆ ಏನೂ ತಿಳಿಯುವುದಿಲ್ಲ.

ಸಂದರ್ಭ ಹೇಳಿ. "ಮೊನ್ನೆ ಮಂಗಳವಾರ ನೀವು ಎಂಟು ಮೂಟೆ ಚಾಲಿ ತಗೊಂಡು ಹೋಗಿ ಹಾಕಿ ಬಂದ್ರಿ. ಇವತ್ತು ಟೆಂಡರ್ ಆಗಿರಬೇಕು. ಎಷ್ಟಕ್ಕೆ ಹೋಯ್ತು ಅಂತ ನಿಮಗೆ ತಿಳ್ಕೊಬೇಕು." ಅಷ್ಟೇ. ಮುಂದಿನದು ಅವರ ಬೆರಳಿಗೆ ಬಿಟ್ಟಿದ್ದು. (ಚಾಲಿ ಅಂದರೆ ಅಡಿಕೆಯ ಒಂದು ಬಗೆ.)

ಎಷ್ಟು ಜನ ಬೇಕು? ಐದು. ಬಳಕೆಯ ಸುಲಭತೆ ಬಗ್ಗೆ ಕೆಲಸ ಮಾಡಿದ ತಜ್ಞ ಜೇಕಬ್ ನೀಲ್ಸನ್ ಅವರು 2000ರಲ್ಲಿ ಬರೆದು ಹೆಸರಾದ ಲೆಕ್ಕ ಇದು: ಒಬ್ಬ ಬಳಕೆದಾರರಿಂದ ಸರಾಸರಿ ಶೇ 31ರಷ್ಟು ತೊಂದರೆಗಳು ಕಾಣುತ್ತವೆ ಅಂತ ಹಿಡಿದರೆ, ಐದು ಜನರಾಗುವಷ್ಟರಲ್ಲಿ ಸುಮಾರು ಶೇ 85 ಹೊರಗೆ ಬಂದಿರುತ್ತದೆ. ಆಮೇಲಿನವರು ಅದೇ ತೊಂದರೆಗಳನ್ನೇ ಮತ್ತೆ ತೋರಿಸುತ್ತಾರೆ. ಆದರೆ ಈ ಐದು ಒಂದೇ ಬಗೆಯ ಜನರಿಗೆ ಅನ್ವಯ. ಬೆಳೆಗಾರರು ಒಂದು ಬಗೆ, ಸೊಸೈಟಿಯ ಕೌಂಟರಿನಲ್ಲಿ ಕೂರುವ ಗುಮಾಸ್ತರು ಇನ್ನೊಂದು ಬಗೆ. ಇಬ್ಬರಿಗೂ ಆ್ಯಪ್ ಇದ್ದರೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಬೇಕು. ಇನ್ನೊಂದು ಮಾತು, ಐದೂ ಜನ ನಿಮ್ಮ ನೆಂಟರಾದರೆ ಲೆಕ್ಕಕ್ಕಿಲ್ಲ. ನಿಮ್ಮ ಮನಸ್ಸು ನೋಯಿಸಬಾರದು ಅನ್ನುವವರಿಂದ ಏನೂ ಹೊರಗೆ ಬರುವುದಿಲ್ಲ.

ಹೊತ್ತು ನೋಡಿ ಹೋಗಿ. ಘಟ್ಟದ ಮೇಲೆ ಕೊನೆಕೊಯ್ಲಿನ ದಿನ, ಕೊನೆಗೌಡ (ಅಡಿಕೆ ಗೊನೆ ಕೊಯ್ಯುವವರು) ಬಂದು ಮರ ಹತ್ತಿರುವಾಗ, ಯಾರ ಮನೆಗೂ ಕಾಗದ ಹಿಡಿದು ಹೋಗಬೇಡಿ. ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುತ್ತದೆ. ಬೋಟ್ ಮಾಲೀಕರು ಬಲೆ ರಿಪೇರಿ, ಬೋಟ್ ರಿಪೇರಿ ಅಂತ ದಡದಲ್ಲೇ ಸಿಗುತ್ತಾರೆ. ಅವರ ಜೊತೆ ಕೂತು ಮಾತಾಡಲು ಅದಕ್ಕಿಂತ ಒಳ್ಳೆ ಸಮಯ ಇಲ್ಲ.

## ಹಂತ 3: ಸಾಮಾನು ಒಟ್ಟು ಮಾಡಿ

ಸ್ಟೇಷನರಿ ಅಂಗಡಿಗೆ ಒಂದು ಸಲ ಹೋದರೆ ಮುಗಿಯಿತು. ಎ4 ಹಾಳೆ, ದಪ್ಪ ಸ್ಕೆಚ್ ಪೆನ್ ಎರಡು ಬಣ್ಣದ್ದು, ಕತ್ತರಿ, ಅಂಟಿನ ಕಡ್ಡಿ, ಅಂಟುಚೀಟಿಯ ಒಂದು ಕಟ್ಟು, ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಮತ್ತು ಫೋನಿನ ಚೌಕಟ್ಟಿಗೆ ಒಂದು ತುಂಡು ರಟ್ಟು. ಕ್ಲಿಪ್ ಇರುವ ಪ್ಯಾಡ್ ಇದ್ದರೆ ಒಳ್ಳೆಯದು.

ಮಳೆಗಾಲದಲ್ಲಿ ನಮ್ಮ ಕಡೆ ಕಾಗದ ಮೆತ್ತಗಾಗುತ್ತದೆ, ಸ್ಕೆಚ್ ಪೆನ್ನಿನ ಶಾಯಿ ಹಬ್ಬುತ್ತದೆ. ಆಗ ಸ್ವಲ್ಪ ದಪ್ಪನೆಯ ಹಾಳೆ ತಗೊಳ್ಳಿ, ಬರೆದಿದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು ಒಯ್ಯಿರಿ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ ಅನ್ನುವುದು ಕಾಗದದ ದೊಡ್ಡ ಅನುಕೂಲ, ಆಷಾಢದಲ್ಲಿ ಶಿರಸಿಯಲ್ಲಿ ಇದ್ದವರಿಗೆ ಇದರ ಬೆಲೆ ಗೊತ್ತು.

ಸ್ಕೇಲ್ ಬೇಡ. ರಬ್ಬರ್ ಬೇಡ. ಇವೆರಡೂ ಕೈಗೆ ಸಿಕ್ಕರೆ ನೀವು ಅಂದ ನೋಡಲು ಶುರು ಮಾಡುತ್ತೀರಿ.

## ಹಂತ 4: ಒರಟಾಗಿ, ಬೇಗ, ಬೇರೆ ಬೇರೆ ಥರ ಬರೆಯಿರಿ

ಎ4 ಹಾಳೆಯನ್ನು ಅಗಲದಲ್ಲಿ ಮೂರು ಪಾಲು, ಉದ್ದದಲ್ಲಿ ಎರಡು ಪಾಲು ಮಡಚಿ. ಆರು ಚೌಕಟ್ಟು ಸಿಗುತ್ತವೆ. ಒಂದೊಂದೂ 70 ಮಿಲಿಮೀಟರ್ ಅಗಲ, 148.5 ಮಿಲಿಮೀಟರ್ ಉದ್ದ. ಈಗ ಎಲ್ಲರ ಕೈಯಲ್ಲಿರುವ ಆರೂವರೆ ಇಂಚಿನ ಫೋನಿನ ಪರದೆ ಹೆಚ್ಚು ಕಮ್ಮಿ ಇಷ್ಟೇ ಇರುತ್ತದೆ. ಅಂದರೆ ನೀವು ಬರೆಯುವುದು ನಿಜವಾದ ಅಳತೆಯಲ್ಲೇ. ಇದು ಮುಖ್ಯ. ಪೂರ್ತಿ ಎ4ರಲ್ಲಿ ಒಂದು ಸ್ಕ್ರೀನ್ ಬರೆದರೆ ಎಲ್ಲವೂ ಹಿಡಿಸುತ್ತದೆ ಅನ್ನಿಸುತ್ತದೆ, ಫೋನಿಗೆ ಬಂದಾಗ ಅರ್ಧ ಹಿಡಿಸುವುದಿಲ್ಲ.

ಮೊದಲು ಒಂದು ಹಾಳೆಯ ಆರೂ ಚೌಕಟ್ಟಿನಲ್ಲಿ ಒಂದೇ ಸ್ಕ್ರೀನನ್ನು ಆರು ಬೇರೆ ಬೇರೆ ರೀತಿಯಲ್ಲಿ ಬರೆಯಿರಿ. ಒಂದೊಂದಕ್ಕೆ ಒಂದು ನಿಮಿಷದ ಹಾಗೆ. ಮೊದಲ ಎರಡು ನೀವು ಬೇರೆ ಆ್ಯಪ್‌ಗಳಲ್ಲಿ ನೋಡಿದ್ದೇ ಆಗಿರುತ್ತವೆ. ನಾಲ್ಕನೆಯದಕ್ಕೆ ಬರುವಾಗ ಕೈ ನಿಲ್ಲುತ್ತದೆ, ಅಲ್ಲಿ ಬಿಡಬೇಡಿ. "ಫೋನ್ ನಂಬರ್ ಹಾಕಿ ಒಳಗೆ ಬರುವುದೇ ಬೇಡ, ಚೀಟಿಯ ಫೋಟೋ ತೆಗೆದರೆ ಸಾಕಲ್ವಾ" ಅನ್ನುವಂಥ ಯೋಚನೆ ಬರುವುದು ಐದು ಆರರಲ್ಲೇ. ಅದರಲ್ಲಿ ಎರಡನ್ನು ಆರಿಸಿ. ಒಂದೇ ಒಂದನ್ನು ಆರಿಸಿದರೆ ನಿಮಗೆ ಅದರ ಮೇಲೆ ಮೋಹ ಹುಟ್ಟುತ್ತದೆ, ಜನರಿಗೂ ಹೋಲಿಸಲು ಏನೂ ಇರುವುದಿಲ್ಲ.

ಚಿತ್ರದ ಜಾಗದಲ್ಲಿ ಕ್ರಾಸ್ ಹಾಕಿದ ಚೌಕ. ಬಟನ್‌ಗೆ ಒಂದು ಡಬ್ಬಿ, ಒಳಗೆ ಪದ. ಐಕಾನ್ ಬರೆಯಲು ಹೋಗಬೇಡಿ, ಪದ ಬರೆಯಿರಿ. ಬಣ್ಣ ಒಂದೇ. ಎರಡನೇ ಬಣ್ಣದ ಪೆನ್ನು ಆಮೇಲೆ ತಿದ್ದುವುದಕ್ಕೆ.

ಒತ್ತುವ ಜಾಗಗಳನ್ನು ಮಾತ್ರ ತೀರಾ ಸಣ್ಣದು ಮಾಡಬೇಡಿ. ಆಂಡ್ರಾಯ್ಡ್‌ನ ವಿನ್ಯಾಸ ಸೂಚನೆಯಲ್ಲಿ ಕನಿಷ್ಠ 48 ಡಿಪಿ (ಪರದೆಯ ಅಳತೆಯ ಒಂದು ಏಕಮಾನ) ಅಂತಿದೆ, ಫೋನಿನ ಮೇಲೆ ಅದು ಸುಮಾರು 9 ಮಿಲಿಮೀಟರ್. ತೋಟದ ಕೆಲಸ ಮಾಡಿ ಒರಟಾದ ಬೆರಳಿಗೆ, ಮೀನು ಹಿಡಿದು ಒದ್ದೆಯಾದ ಬೆರಳಿಗೆ ಇನ್ನೂ ಸ್ವಲ್ಪ ದೊಡ್ಡದೇ ಬೇಕು. ದಪ್ಪ ಪೆನ್ನಿನಲ್ಲಿ ಬರೆದರೆ ಈ ತೊಂದರೆ ತಾನೇ ತಪ್ಪುತ್ತದೆ, ಯಾಕೆಂದರೆ ಸಣ್ಣದಾಗಿ ಬರೆಯಲು ಬರುವುದೇ ಇಲ್ಲ.

ಎಚ್ಚರಿಕೆ: ಒಂದು ಸ್ಕ್ರೀನಿಗೆ ಹತ್ತು ನಿಮಿಷ ದಾಟಿತು ಅಂದರೆ ನೀವು ಚಿತ್ರ ಬರೆಯುತ್ತಿದ್ದೀರಿ. ಅದನ್ನು ಹರಿಯಲು ಮನಸ್ಸು ಬರುವುದಿಲ್ಲ. ಹರಿಯಲು ಮನಸ್ಸು ಬಾರದ ಕಾಗದ ಈ ಕೆಲಸಕ್ಕೆ ಬಾರದು.

## ಹಂತ 5: ನಿಜವಾದ ಮಾತು, ನಿಜವಾದ ಅಂಕಿ ಹಾಕಿ

ನನ್ನ ಪ್ರಕಾರ ಹತ್ತರಲ್ಲಿ ಇದೇ ಅತಿ ಮುಖ್ಯವಾದ ಹಂತ, ಮತ್ತು ಎಲ್ಲರೂ ಹಾರಿಸುವುದೂ ಇದನ್ನೇ.

ಅಕ್ಷರದ ಜಾಗದಲ್ಲಿ ಸುಮ್ನೆ ಅಂಕುಡೊಂಕು ಗೆರೆ ಎಳೆದು ಬಿಡುತ್ತಾರೆ. ಅಥವಾ ಇಂಗ್ಲಿಷಿನಲ್ಲಿ ಬರೆದು "ಆಮೇಲೆ ಕನ್ನಡ ಮಾಡೋಣ" ಅನ್ನುತ್ತಾರೆ. ಚಿತ್ರ ಒರಟಾಗಿರಲಿ, ಮಾತು ಒರಟಾಗಬಾರದು. ಜನ ಸ್ಕ್ರೀನ್ ಬಳಸುವುದು ಪದ ಓದಿ. ಪದವೇ ಇಲ್ಲದಿದ್ದರೆ ಅವರು ಊಹಿಸುತ್ತಾರೆ, ನೀವು ಆ ಊಹೆಯನ್ನೇ ಫಲಿತಾಂಶ ಅಂತ ಬರೆದುಕೊಳ್ಳುತ್ತೀರಿ.

ಕನ್ನಡದಲ್ಲಿ ಬರೆದ ಕೂಡಲೇ ಎರಡು ತೊಂದರೆ ಕಾಣುತ್ತವೆ. ಮೊದಲನೆಯದು ಉದ್ದ. "ನೋಂದಾಯಿಸಿಕೊಳ್ಳಿ" ಅನ್ನುವುದು 70 ಮಿಲಿಮೀಟರಿನ ಅರ್ಧ ಅಗಲದ ಬಟನ್‌ನಲ್ಲಿ ದಪ್ಪ ಪೆನ್ನಿಗೆ ಹಿಡಿಸುವುದಿಲ್ಲ. "ಹೆಸರು ಸೇರಿಸಿ" ಅಂದರೆ ಹಿಡಿಸುತ್ತದೆ, ಅರ್ಥವೂ ಬೇಗ ಆಗುತ್ತದೆ. "ದೃಢೀಕರಿಸಿ" ಬದಲು "ಸರಿ, ಒಪ್ಪಿದೆ". "ಪಾವತಿ ಸ್ಥಿತಿ" ಬದಲು "ದುಡ್ಡು ಬಂತಾ?" ಎರಡನೆಯದು ಎತ್ತರ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು. ಸಾಲುಗಳನ್ನು ಒತ್ತೊತ್ತಾಗಿ ಬರೆದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಕಾಗದದಲ್ಲೇ ಜಾಗ ಬಿಟ್ಟು ಬರೆದು ನೋಡಿದರೆ ಒಂದು ಪರದೆಗೆ ಎಷ್ಟು ಸಾಲು ಕೂರುತ್ತವೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಅಂಕಿಯೂ ನಿಜದ್ದೇ ಇರಲಿ. ಅಡಿಕೆ ದರ ಕ್ವಿಂಟಾಲ್ ಲೆಕ್ಕದಲ್ಲಿ, ಐದು ಅಂಕಿಯಲ್ಲಿ ಇರುತ್ತದೆ. "100 ರೂ" ಅಂತ ಬರೆದ ಕಾಗದ ನೋಡಿದ ಬೆಳೆಗಾರರು ಅಲ್ಲೇ ನಿಂತು "ಇದು ಯಾವ ದರ? ಕಿಲೋದ್ದಾ?" ಅಂತ ಯೋಚಿಸುತ್ತಾರೆ, ನಿಮ್ಮ ಕೆಲಸ ಅಲ್ಲಿಗೆ ತಪ್ಪಿ ಹೋಗುತ್ತದೆ. ಬಗೆಗಳ ಪಟ್ಟಿಯನ್ನೂ ಪೂರ್ತಿ ಬರೆಯಿರಿ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ. ಮೂರು ಬರೆದು ಕೆಳಗೆ ಚುಕ್ಕೆ ಹಾಕಿದರೆ ಪಟ್ಟಿ ಎಷ್ಟು ಉದ್ದ ಆಗುತ್ತದೆ ಅನ್ನುವುದು ಮುಚ್ಚಿ ಹೋಗುತ್ತದೆ.

ಹೆಸರುಗಳ ವಿಷಯಕ್ಕೆ ಬಂದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಗುಮಾಸ್ತರ ಸ್ಕ್ರೀನಿನಲ್ಲಿ "ಹೆಸರಿನಿಂದ ಹುಡುಕಿ" ಅಂತ ಇಟ್ಟಿದ್ದೀರಿ ಅನ್ನಿ. ಅವರು "ಹೆಗಡೆ" ಅಂತ ಬರೆದರೆ ಏನಾಗುತ್ತದೆ? ಆ ಪಟ್ಟಿಯನ್ನು ನಿಜವಾಗಿ ಬರೆಯಲು ಕೂತು ನೋಡಿ. ಹೆಗಡೆ, ಭಟ್ಟ, ನಾಯ್ಕ ಇವರದ್ದೇ ಪುಟಗಟ್ಟಲೆ ಆಗುತ್ತದೆ. ಊರು, ತಂದೆಯ ಹೆಸರು, ಕೆಲವು ಕಡೆ ಕೇರಿ ಅಥವಾ ಮಜರೆಯ ಹೆಸರು ಇಲ್ಲದೆ ಯಾರು ಯಾರು ಅಂತ ತಿಳಿಯುವುದೇ ಇಲ್ಲ. ಗೆರೆ ಎಳೆದು ಬಿಟ್ಟಿದ್ದರೆ ಇದು ಕೋಡ್ ಬರೆದ ಮೇಲೆ ಗೊತ್ತಾಗುತ್ತಿತ್ತು.

ಕರಾವಳಿಗೆ ಇಳಿದರೆ ಮಾತು ಬದಲಾಗುತ್ತದೆ. ಮೀನಿನ ಆ್ಯಪ್‌ನಲ್ಲಿ "ಭೂತಾಯಿ" ಅಂತ ಬರೆದು ಕಾರವಾರಕ್ಕೆ ಒಯ್ದರೆ ಅಲ್ಲಿಯವರು ಅದೇ ಮೀನಿಗೆ "ತಾರ್ಲೆ" ಅನ್ನುವ ಹೆಸರು ಹುಡುಕುತ್ತಿರುತ್ತಾರೆ. ಮನೆಯಲ್ಲಿ ಕೊಂಕಣಿ, ಲೆಕ್ಕ ಕನ್ನಡದಲ್ಲಿ, ಫೋನು ಇಂಗ್ಲಿಷಿನಲ್ಲಿ ಇರುವವರೇ ಅಲ್ಲಿ ಬಹಳ. ಹೀಗಿರುವಾಗ ಒಂದು ಉಪಾಯ ಇದೆ. ಪದವನ್ನು ಕಾಗದದ ಮೇಲೆ ನೇರ ಬರೆಯಬೇಡಿ, ಅಂಟುಚೀಟಿಯ ಮೇಲೆ ಬರೆದು ಅಂಟಿಸಿ. ಅವರ ಬಾಯಲ್ಲಿ ಬೇರೆ ಪದ ಬಂದ ಕೂಡಲೇ ಚೀಟಿ ಕಿತ್ತು ಅವರ ಪದ ಬರೆದು ಅಂಟಿಸಬಹುದು.

## ಹಂತ 6: ಬದಲಾಗುವ ತುಂಡುಗಳನ್ನು ಬೇರೆ ಮಾಡಿ

ಸ್ಕ್ರೀನಿನಲ್ಲಿ ಬದಲಾಗುವುದೆಲ್ಲ ಬೇರೆ ತುಂಡಿನ ಮೇಲಿರಬೇಕು. ಕೀಬೋರ್ಡ್ ಒಂದು ತುಂಡು, ಬೇಕಾದಾಗ ಕೆಳಗಿನಿಂದ ತಂದು ಇಡಲು. ಅದು ಪರದೆಯ ಕೆಳಗಿನ ಸುಮಾರು ಮೂರನೇ ಒಂದು ಭಾಗ ಮುಚ್ಚುತ್ತದೆ. ಹಾಗಾಗಿ ನಿಮ್ಮ "ಮುಂದೆ" ಬಟನ್ ಅದರ ಅಡಿಗೆ ಹೋಗುತ್ತದಾ ಅನ್ನುವುದು ಇಲ್ಲೇ ಕಾಣುತ್ತದೆ. ಕೆಳಗೆ ಇಳಿಯುವ ಪಟ್ಟಿ ಒಂದು ತುಂಡು. "ನೆಟ್‌ವರ್ಕ್ ಇಲ್ಲ" ಅನ್ನುವ ಸಂದೇಶ ಒಂದು ತುಂಡು. ಇದನ್ನು ಮರೆಯಲೇ ಬೇಡಿ, ನಮ್ಮ ಘಟ್ಟದ ಹಳ್ಳಿಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತುವವರು ಈಗಲೂ ಇದ್ದಾರೆ.

ತಪ್ಪಾದಾಗ ಬರುವ ಸ್ಕ್ರೀನ್‌ಗಳನ್ನೂ ಬರೆಯಿರಿ. ಲಾಟ್ ನಂಬರ್ ತಪ್ಪಾಗಿ ಹಾಕಿದರೆ? ಟೆಂಡರ್ ಇನ್ನೂ ಆಗಿಲ್ಲದಿದ್ದರೆ? ತೂಕ ಆಗಿದೆ, ದರ ಬಂದಿಲ್ಲ ಅಂದರೆ? ಎಲ್ಲ ಸರಿಯಾಗಿ ನಡೆಯುವ ದಾರಿಯನ್ನು ಮಾತ್ರ ಬರೆದ ಪ್ರೊಟೊಟೈಪ್ ಮೊದಲ ವ್ಯಕ್ತಿಯ ಎದುರೇ ನಿಂತು ಹೋಗುತ್ತದೆ.

ರಟ್ಟಿನಲ್ಲಿ ಫೋನಿನ ಅಳತೆಯ ಕಿಂಡಿ ಕತ್ತರಿಸಿ. ಉದ್ದ ಪಟ್ಟಿಯನ್ನು ಅದರ ಹಿಂದೆ ಮೇಲೆ ಕೆಳಗೆ ಜಾರಿಸಿದರೆ ಸ್ಕ್ರೋಲ್ ಆಯಿತು. ಅಂಕಿ ತುಂಬುವ ಜಾಗದ ಮೇಲೆ ಪ್ಲಾಸ್ಟಿಕ್ ಹಾಳೆ ಇಡಿ, ಅದರ ಮೇಲೆ ಬರೆಸಿ, ಒರೆಸಿ, ಮುಂದಿನವರಿಗೆ ಮತ್ತೆ ಬಳಸಿ. ಪ್ರತಿ ತುಂಡಿನ ಹಿಂದೆ ನಂಬರ್ ಹಾಕಿ. ನಂಬರ್ ಇಲ್ಲದೆ ಇಪ್ಪತ್ತು ತುಂಡುಗಳಲ್ಲಿ ಹುಡುಕುತ್ತಾ ಕೂತರೆ ಎದುರಿನವರು ತಾಳ್ಮೆ ಕಳೆದುಕೊಳ್ಳುತ್ತಾರೆ.

## ಹಂತ 7: ಒಮ್ಮೆ ತಾಲೀಮು

ಮೂವರು ಬೇಕು. ಒಬ್ಬರು ಮಾತಾಡುವವರು, ಒಬ್ಬರು ಕಂಪ್ಯೂಟರ್ ಆಗಿ ಕಾಗದ ಬದಲಿಸುವವರು, ಒಬ್ಬರು ಬರೆದುಕೊಳ್ಳುವವರು. ಕಂಪ್ಯೂಟರ್ ಆದವರು ಬಾಯಿ ಬಿಡುವಂತಿಲ್ಲ. ಎದುರಿನವರು ಒತ್ತಿದ್ದಕ್ಕೆ ಮಾತ್ರ ಕಾಗದ ಬದಲಿಸಬೇಕು, ಅವರು ಏನು ಒತ್ತಲು ಹೊರಟಿದ್ದಾರೆ ಅಂತ ಊಹಿಸಿ ಮೊದಲೇ ಕೈ ಹಾಕಬಾರದು.

ಜನ ಕಮ್ಮಿ ಇದ್ದರೆ ಬರೆದುಕೊಳ್ಳುವ ಕೆಲಸವನ್ನು ಫೋನಿನ ವಿಡಿಯೊಗೆ ಬಿಡಿ, ಆದರೆ ಮುಂಚೆ ಕೇಳಿ ಒಪ್ಪಿಗೆ ತಗೊಳ್ಳಿ, ಮುಖ ಬರದ ಹಾಗೆ ಬೆರಳು ಮತ್ತು ಕಾಗದ ಮಾತ್ರ ಹಿಡಿಯಿರಿ. ಮಾತಾಡುವುದು ಮತ್ತು ಕಂಪ್ಯೂಟರ್, ಈ ಎರಡನ್ನು ಒಬ್ಬರೇ ಮಾಡಬೇಡಿ. ಆಗುವುದಿಲ್ಲ.

## ಹಂತ 8: ಜನರ ಎದುರು ಕೂರುವುದು

ಹೋದ ಕೂಡಲೇ ಕಾಗದ ಬಿಚ್ಚಬೇಡಿ. ಚಾ ಕುಡಿಯಿರಿ, ಅವರು ಕವಳ ಹಾಕಲಿ, ಮಳೆ ಬೆಳೆ ಮಾತಾಡಿ. ಆಮೇಲೆ ಹೀಗೆ ಶುರು ಮಾಡಿ:

"ಹೆಗಡೇರೆ, ಇದು ಇನ್ನೂ ಆ್ಯಪ್ ಆಗಿಲ್ಲ, ಬರೀ ಕಾಗದ. ಇದರಲ್ಲಿ ತಪ್ಪು ಎಲ್ಲಿದೆ ಅಂತ ಹುಡುಕಲಿಕ್ಕೇ ನಿಮ್ಮ ಹತ್ರ ಬಂದದ್ದು. ನಿಮಗೆ ತಿಳಿಯಲಿಲ್ಲ ಅಂದ್ರೆ ಅದು ನಾವು ಬರೆದದ್ದು ಸರಿ ಇಲ್ಲ ಅಂತ. ಇದನ್ನ ನಿಮ್ಮ ಫೋನು ಅಂತ ತಿಳ್ಕೊಂಡು ಬೆರಳಲ್ಲಿ ಒತ್ತಿ. ಮನಸ್ಸಲ್ಲಿ ಬಂದದ್ದನ್ನ ಹಾಗೇ ಬಾಯಲ್ಲಿ ಹೇಳ್ತಾ ಹೋಗಿ."

ಆಮೇಲೆ ಹಂತ 2ರಲ್ಲಿ ಬರೆದ ಸಂದರ್ಭ ಹೇಳಿ ಸುಮ್ಮನಾಗಿ. ಇದೇ ಅತಿ ಕಷ್ಟದ ಕೆಲಸ. ಅವರ ಬೆರಳು ತಪ್ಪು ಬಟನ್ ಕಡೆ ಹೋಗುವಾಗ ನಿಮ್ಮ ಬಾಯಿ ತಾನಾಗಿ ತೆರೆಯುತ್ತದೆ. ಮನಸ್ಸಿನಲ್ಲೇ ಹತ್ತು ಎಣಿಸಿ. "ಇದನ್ನ ಒತ್ತಬೇಕಾ?" ಅಂತ ಅವರು ಕೇಳಿದರೆ, "ನಾವ್ಯಾರೂ ಇಲ್ಲಿ ಇಲ್ಲದಿದ್ರೆ ನೀವು ಏನು ಮಾಡ್ತಿದ್ರಿ?" ಅಂತ ಕೇಳಿ. ಅವರು ನಿಂತು ಬಿಟ್ಟರೆ, "ಈಗ ಏನು ಹುಡುಕ್ತಾ ಇದ್ದೀರಿ?" ಅಷ್ಟೇ. "ಮೇಲೆ ನೋಡಿ" ಅನ್ನುವ ಎರಡು ಪದ ಬಂದರೂ ಆ ಪರೀಕ್ಷೆಯ ಆ ಭಾಗ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ಶಿರಸಿ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಮೊದಲ ಸ್ಕ್ರೀನಿನಲ್ಲಿ "ಸದಸ್ಯ ಸಂಖ್ಯೆ ಹಾಕಿ" ಅಂತ ಒಂದು ಖಾಲಿ ಡಬ್ಬಿ ಇತ್ತು. ಎದುರು ಕೂತ ಹಿರಿಯರು ಅದನ್ನು ಓದಿದರು. ಕನ್ನಡಕ ಸರಿ ಮಾಡಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಅಂಗಿ ಜೇಬಿನಿಂದ ಮಡಚಿ ಮಡಚಿ ಮೆತ್ತಗಾದ ಸೊಸೈಟಿಯ ಚೀಟಿ ತೆಗೆದು, ಬಿಡಿಸಿ, ಕೈಯಿಂದ ಒತ್ತಿ ನೇರ ಮಾಡಿ, ಸೀದಾ ಕಾಗದದ ಫೋನಿನ ಮೇಲೆ ಇಟ್ಟರು. ಬೆರಳು ಚೀಟಿಯಲ್ಲಿದ್ದ ಲಾಟ್ ನಂಬರಿನ ಮೇಲೆ. "ಇದನ್ನ ನೋಡಿ ಹೇಳಿ" ಅಂದರು. ಸದಸ್ಯ ಸಂಖ್ಯೆ ಕಪಾಟಿನಲ್ಲಿರುವ ಪಾಸ್‌ಪುಸ್ತಕದಲ್ಲಿ ಇರುತ್ತದೆ, ಕೈಯಲ್ಲಿ ಇರುವುದು ಲಾಟ್ ನಂಬರ್. ಕೌಂಟರಿನಲ್ಲಿ ಅವರು ಯಾವಾಗಲೂ ಮಾಡುವುದೇ ಹಾಗೆ, ಚೀಟಿ ಮುಂದಿಡುವುದು. ಅಲ್ಲೇ ಜಗಲಿಯಲ್ಲಿ ಅಂಟುಚೀಟಿ ಬದಲಾಯಿತು, "ಚೀಟಿಯ ಲಾಟ್ ನಂಬರ್ ಹಾಕಿ". ಮುಂದಿನವರು ಎಲ್ಲೂ ನಿಲ್ಲದೆ ದಾಟಿದರು. ನುಣುಪಾದ ಗಾಜಿನ ಮೇಲೆ, ಬಣ್ಣ ತುಂಬಿದ ಸ್ಕ್ರೀನಿನ ಮೇಲೆ ಅವರು ಆ ಚೀಟಿ ಇಡುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ. ಕಾಗದ ನೋಡಿ ಕಾಗದ ಇಟ್ಟರು.

ಜನ ಏನಾದರೂ ಇಲ್ಲ ಅಂದಾಗ ಪೆನ್ನು ಅವರ ಕೈಗೇ ಕೊಡಿ. "ಇಲ್ಲಿ ಏನಿರಬೇಕಿತ್ತು, ನೀವೇ ಬರೀರಿ." ನೀಟಾಗಿ ಮಾಡಿದ್ದರ ಮೇಲೆ ಬರೆಯಲು ಹಿಂಜರಿಯುವವರು ಒರಟು ಕಾಗದದ ಮೇಲೆ ಧೈರ್ಯವಾಗಿ ಗೀಚುತ್ತಾರೆ.

ಮನೆಗಳಲ್ಲಿ ಒಂದು ತೊಂದರೆ ಖಂಡಿತ ಬರುತ್ತದೆ. ಪಕ್ಕದಲ್ಲಿ ಮೊಮ್ಮಗ ಬಂದು ಕೂರುತ್ತಾನೆ, "ಅಜ್ಜ, ಅಲ್ಲಿ ಒತ್ತು" ಅನ್ನುತ್ತಾನೆ. ಬೈಯಬೇಡಿ. "ತಮ್ಮಾ, ನಿನ್ನ ಪಾಳಿ ಆಮೇಲೆ, ಆಗ ನಿನ್ನನ್ನೂ ಕೇಳ್ತೇವೆ" ಅಂತ ಹೇಳಿ ಅಂಗಳಕ್ಕೆ ಕಳಿಸಿ, ಆಮೇಲೆ ನಿಜವಾಗಿ ಕೇಳಿ. ಎಷ್ಟೋ ಮನೆಗಳಲ್ಲಿ ಕೊನೆಗೆ ಆ್ಯಪ್ ತೆರೆದು ಅಜ್ಜನಿಗೆ ಓದಿ ಹೇಳುವುದು ಅವನೇ.

ಬಂದರಿನಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ಕೂರಲು ಜಾಗ ಸಿಗುವುದಿಲ್ಲ. ನಿಂತೇ ಮಾಡಿ, ಪ್ಯಾಡಿಗೆ ಕ್ಲಿಪ್ ಹಾಕಿ, ಒಂದೇ ಕೆಲಸ ಕೊಡಿ. ವ್ಯಾಪಾರದ ಹೊತ್ತಿನಲ್ಲಿ ಮೀನು ಮಾರುವ ಅಕ್ಕನವರನ್ನು ತಡೆಯಬೇಡಿ, ಬುಟ್ಟಿ ಖಾಲಿಯಾದ ಮೇಲೆ ಹೋಗಿ. ಬಿಸಿಲಲ್ಲಿ, ಗಲಾಟೆಯಲ್ಲಿ, ಒದ್ದೆ ಕೈಯಲ್ಲಿ ಅವರು ಕಾಗದ ಹೇಗೆ ಹಿಡಿಯುತ್ತಾರೆ ಅನ್ನುವುದನ್ನೂ ಬರೆದುಕೊಳ್ಳಿ. ಒಂದೇ ಕೈಯಲ್ಲಿ ಹಿಡಿದರೆ ಮೇಲಿನ ಮೂಲೆಯ ಬಟನ್‌ಗೆ ಹೆಬ್ಬೆರಳು ತಲುಪುವುದಿಲ್ಲ.

ಬರೆದುಕೊಳ್ಳುವವರು ಅಭಿಪ್ರಾಯ ಬರೆಯಬಾರದು, ಕಂಡದ್ದು ಬರೆಯಬೇಕು. "ಗೊಂದಲ ಆಯ್ತು" ಅಂತ ಬರೆದರೆ ನಾಳೆ ಪ್ರಯೋಜನಕ್ಕೆ ಬರುವುದಿಲ್ಲ. "ತೂಕದ ಅಂಕಿಯನ್ನು ಎರಡು ಸಲ ಒತ್ತಿದರು, ಏನೂ ಆಗಲಿಲ್ಲ, ಹಿಂದೆ ಹೋದರು" ಅಂತ ಬರೆಯಿರಿ.

ಎಚ್ಚರಿಕೆಯ ಲಕ್ಷಣಗಳು. ಎದುರಿನವರು ಬಣ್ಣ, ಲೋಗೊ ಬಗ್ಗೆ ಮಾತಾಡುತ್ತಿದ್ದರೆ ನಿಮ್ಮ ಕಾಗದ ಬೇಕಾದ್ದಕ್ಕಿಂತ ಚೆಂದ ಆಗಿದೆ. ನೀವೇ ಜಾಸ್ತಿ ಮಾತಾಡುತ್ತಿದ್ದರೆ ಅದು ಪರೀಕ್ಷೆ ಹೋಗಿ ಪಾಠ ಆಗಿದೆ. ಎಲ್ಲರೂ ಎಲ್ಲವನ್ನೂ ಸಲೀಸಾಗಿ ಮಾಡಿದರೆ ಕೆಲಸ ತೀರಾ ಸುಲಭದ್ದು ಕೊಟ್ಟಿದ್ದೀರಿ, ಇಲ್ಲವೇ ಉತ್ತರ ಪ್ರಶ್ನೆಯಲ್ಲೇ ಇತ್ತು. ದಿನದ ಕೊನೆಗೆ ಕಾಗದದ ಮೇಲೆ ಒಂದು ಗೀಚೂ ಬಿದ್ದಿಲ್ಲ ಅಂದರೆ ಪೆನ್ನು ಯಾರ ಕೈಗೂ ಹೋಗಿಲ್ಲ.

## ಹಂತ 9: ಒಬ್ಬರಿಂದ ಒಬ್ಬರ ನಡುವೆ ತಿದ್ದಿ

ಐದೂ ಜನ ಮುಗಿಯಲಿ ಅಂತ ಕಾಯಬೇಡಿ. ಕಣ್ಣಿಗೆ ರಾಚುವ ಪದದ ತೊಂದರೆಗಳನ್ನು ಅಲ್ಲೇ ಸರಿ ಮಾಡಿ ಮುಂದಿನ ಮನೆಗೆ ಹೋಗಿ. ಒಂದು ಸ್ಕ್ರೀನ್ ಪೂರ್ತಿ ಬದಲಿಸುವಂಥದ್ದಾದರೆ ಮಾತ್ರ ಇಬ್ಬರಲ್ಲಿ ಅದೇ ತೊಂದರೆ ಕಂಡ ಮೇಲೆ ಬದಲಿಸಿ. ಹಳೆಯದನ್ನು ಬಿಸಾಡುವ ಮುಂಚೆ ಫೋಟೋ ತೆಗೆದು, ಮೂಲೆಯಲ್ಲಿ ತಾರೀಕು ಮತ್ತು ಸುತ್ತಿನ ನಂಬರ್ ಬರೆಯಿರಿ. ಎರಡನೇ ಬಣ್ಣದ ಪೆನ್ನು ಬರುವುದು ಈಗ. ತಿದ್ದಿದ್ದೆಲ್ಲ ಆ ಬಣ್ಣದಲ್ಲಿ.

ಸಂಜೆ ಮೂವರೂ ಕೂತು ಪಟ್ಟಿ ಮಾಡಿ. ಕೆಲಸವೇ ನಿಂತು ಹೋದದ್ದು ಮೇಲೆ, ನಿಧಾನ ಆದದ್ದು ನಡುವೆ, ಬರೀ ಇಷ್ಟ ಆಗದ್ದು ಕೆಳಗೆ. ಜನ "ಇದೂ ಇರಲಿ, ಅದೂ ಇರಲಿ" ಅಂತ ಕೇಳಿದ ಹೊಸ ಸೌಲಭ್ಯಗಳನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಇಂದಿನ ಪ್ರಶ್ನೆ ಅದಲ್ಲ. ಮೇಜಿನ ಮೇಲೆ ಅಂಟಿಸಿದ ಚೀಟಿ ನೋಡಿ, ಅದಕ್ಕೆ ಉತ್ತರ ಸಿಕ್ಕಿತಾ ಅಂತ ಕೇಳಿಕೊಳ್ಳಿ. ಸಿಗದಿದ್ದರೆ ಇನ್ನೊಂದು ಸುತ್ತು.

## ಹಂತ 10: ಕಾಗದ ಬಿಟ್ಟು ಫೋನಿಗೆ ಹೋಗುವುದು

ಕಾಗದ ಎಲ್ಲವನ್ನೂ ಹೇಳುವುದಿಲ್ಲ. ವೇಗ ಗೊತ್ತಾಗುವುದಿಲ್ಲ, ಬೆರಳಲ್ಲಿ ಎಳೆಯುವುದು, ಹಿಗ್ಗಿಸುವುದು ಗೊತ್ತಾಗುವುದಿಲ್ಲ, ಬಿಸಿಲಲ್ಲಿ ಪರದೆ ಕಾಣುತ್ತದಾ ಅನ್ನುವುದು ಗೊತ್ತಾಗುವುದಿಲ್ಲ. ಫೋನಿನ ಕನ್ನಡ ಕೀಬೋರ್ಡ್‌ನಲ್ಲಿ ಹೆಸರು ಟೈಪ್ ಮಾಡಲು ಎಷ್ಟು ಕಷ್ಟ ಅನ್ನುವುದಂತೂ ಗೊತ್ತಾಗುವುದೇ ಇಲ್ಲ. ಇವನ್ನು ಕಾಗದದಿಂದ ತೀರ್ಮಾನಿಸಲು ಹೋಗಬೇಡಿ.

ಯಾವಾಗ ಬಿಡಬೇಕು? ಸತತ ಮೂರು ಜನ ಕೆಲಸ ಮುಗಿಸಿದರೆ, ಅವರು ತೋರಿಸುವ ತೊಂದರೆಗಳು ಕ್ರಮದ ಬಗ್ಗೆ ಇರದೆ ಅಳತೆ, ಅಂದದ ಬಗ್ಗೆ ಬರಲು ಶುರುವಾದರೆ, ಹೊತ್ತಾಯಿತು ಅಂತ ಅರ್ಥ.

ಆದರೂ ಸೀದಾ ಬಣ್ಣಕ್ಕೆ ಹಾರಬೇಡಿ. ನಡುವೆ ಒಂದು ಮೆಟ್ಟಿಲು ಇದೆ. ಸ್ಕ್ರೀನ್‌ಗಳನ್ನು ಒಂದೊಂದಾಗಿ ನೇರವಾಗಿ, ಒಂದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ. ಗೂಗಲ್ ಸ್ಲೈಡ್ಸ್ ಅಥವಾ ಪವರ್‌ಪಾಯಿಂಟ್‌ನಲ್ಲಿ ಒಂದು ಸ್ಲೈಡಿಗೆ ಒಂದು ಫೋಟೋ ಹಾಕಿ, ಬಟನ್ ಇರುವ ಜಾಗದಲ್ಲಿ ಕಾಣದ ಹಾಗೆ ಒಂದು ಚೌಕ ಇಟ್ಟು ಅದಕ್ಕೆ ಮುಂದಿನ ಸ್ಲೈಡಿನ ಲಿಂಕ್ ಕೊಡಿ. ಫಿಗ್ಮಾ, ಅದರಂಥದ್ದೇ ಆದ ಪೆನ್‌ಪಾಟ್‌ನಲ್ಲೂ ಇದೇ ಕೆಲಸ ಆಗುತ್ತದೆ. ಬಾಲ್ಸಮಿಕ್ ಅನ್ನುವ ಸಾಧನ ಬೇಕಂತಲೇ ಕೈಯಲ್ಲಿ ಗೀಚಿದ ಹಾಗೆ ಕಾಣುವಂತೆ ಮಾಡಲ್ಪಟ್ಟಿದೆ. ಈಗ ಅವರದ್ದೇ ಪದ, ನಿಮ್ಮದೇ ಗೀಚು, ಆದರೆ ನಿಜವಾದ ಫೋನಿನ ಮೇಲೆ. ಇದನ್ನು ಅದೇ ಬಗೆಯ ಬೇರೆ ಜನರ ಕೈಗೆ ಕೊಡಿ. ಮೊದಲು ಕೂತವರನ್ನೇ ಮತ್ತೆ ಕೂರಿಸಬೇಡಿ, ಅವರಿಗೆ ದಾರಿ ಗೊತ್ತಾಗಿರುತ್ತದೆ.

ಕೋಡ್ ಬರೆಯುವವರಿಗೆ ಕೊಡುವಾಗ ಮೂರು ವಸ್ತು ಒಟ್ಟಿಗೆ ಕೊಡಿ. ನಂಬರ್ ಹಾಕಿದ ಕೊನೆಯ ಸುತ್ತಿನ ಫೋಟೋಗಳು, ಯಾವ ಬಟನ್‌ನಿಂದ ಯಾವ ನಂಬರಿಗೆ ಅನ್ನುವ ಬಾಣದ ನಕ್ಷೆ, ಮತ್ತು ಜನರ ಬಾಯಲ್ಲಿ ಬಂದ ಪದಗಳ ಪಟ್ಟಿ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ, ಕೋಡ್ ಬರೆಯುವವರು ಅವಸರದಲ್ಲಿ ಮತ್ತೆ "ದೃಢೀಕರಿಸಿ" ಅಂತ ಹಾಕುತ್ತಾರೆ. ಮೂಲ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಳೆಗಾಲದ ತಂಡಿ ತಾಗದ ಕಡೆ ಇಡಿ. ಎರಡನೇ ಆವೃತ್ತಿಯ ಹೊತ್ತಿಗೆ "ಸದಸ್ಯ ಸಂಖ್ಯೆ ಯಾಕೆ ತೆಗೆದಿರಿ?" ಅಂತ ಯಾರಾದರೂ ಕೇಳುತ್ತಾರೆ, ಆಗ ಆ ತಿದ್ದಿದ ಹಾಳೆಯನ್ನೇ ಎದುರಿಗಿಟ್ಟು ತೋರಿಸಬಹುದು.